ಅರ್ಧ ಗಂಟೆಯ ಪದಕ: ಕ್ಯಾಪ್ಟನ್ ಲಿಡೆಲ್ ಪ್ರಕರಣ

1915ರ ಜುಲೈ 31, ಶನಿವಾರ. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಬೆಲ್ಜಿಯಂನ ಬ್ರೂಜ್ ಹತ್ತಿರ, ಸುಮಾರು 5,000 ಅಡಿ ಎತ್ತರದಲ್ಲಿ ಬ್ರಿಟಿಷರ ಒಂದು ಎರಡು ಸೀಟಿನ ವಿಮಾನ ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ಓಡಿಸುತ್ತಿದ್ದವರು ಕ್ಯಾಪ್ಟನ್ ಜಾನ್ ಏಡನ್ ಲಿಡೆಲ್. ಮುಂದಿನ ಸೀಟಿನಲ್ಲಿ ಅಬ್ಸರ್ವರ್, ಅಂದರೆ ವೀಕ್ಷಕ, ಸೆಕೆಂಡ್ ಲೆಫ್ಟಿನೆಂಟ್ ರೋಲಂಡ್ ಪೆಕ್. ಒಸ್ಟೆಂಡ್, ಬ್ರೂಜ್, ಗೆಂಟ್ ಈ ಮೂರು ಊರುಗಳ ಮೇಲೆ ಸುತ್ತು ಹಾಕಿ, ಕೆಳಗೆ ಜರ್ಮನ್ನರು ಏನು ಮಾಡುತ್ತಿದ್ದಾರೆ ಅಂತ ನೋಡಿಕೊಂಡು ಬರಬೇಕಿತ್ತು. ಅವತ್ತಿನ ಕೆಲಸ ಅಷ್ಟೇ.

ಮೇಲಿನಿಂದ ಒಂದು ಜರ್ಮನ್ ವಿಮಾನ ಗುಂಡು ಹಾರಿಸಿತು. ಲಿಡೆಲ್ ಅವರ ಬಲ ತೊಡೆಯ ಮೂಳೆ ಮುರಿಯಿತು. ಅವರಿಗೆ ಎಚ್ಚರ ತಪ್ಪಿತು. ವಿಮಾನ ಹತ್ತಿರಹತ್ತಿರ 3,000 ಅಡಿ ಕೆಳಗೆ ಬಿತ್ತು. ಅಷ್ಟರಲ್ಲಿ ಎಚ್ಚರವಾಗಿ, ವಿಮಾನವನ್ನು ಹೇಗೋ ಹಿಡಿತಕ್ಕೆ ತಂದುಕೊಂಡು, ಅರ್ಧ ಗಂಟೆ ಹಾರಿ ತಮ್ಮ ಕಡೆಯ ನೆಲದಲ್ಲಿ ಇಳಿಸಿದರು. ಪೆಕ್ ಬದುಕಿದರು. ಆಗಸ್ಟ್ 23ರಂದು ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ ಲಿಡೆಲ್‌ಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪ್ರಕಟವಾಯಿತು. ಆಗಸ್ಟ್ 31ರಂದು ಅವರು ತೀರಿಕೊಂಡರು.

ಕತೆಯಾಗಿ ಹೇಳಿದರೆ ಇದು ಇಷ್ಟಕ್ಕೇ ಮುಗಿಯುತ್ತದೆ. ಸಾಮಾನ್ಯವಾಗಿ ಹೇಳುವುದೂ ಇಷ್ಟೇ. ಆದರೆ ಈ ಪ್ರಕರಣವನ್ನು ಸ್ವಲ್ಪ ಬಿಡಿಸಿ ನೋಡಿದರೆ, ಶೌರ್ಯ ಪದಕ ಅನ್ನುವ ವ್ಯವಸ್ಥೆಯ ಕಣ್ಣಿಗೆ ಏನು ಬೀಳುತ್ತದೆ, ಏನು ಬೀಳುವುದಿಲ್ಲ ಅನ್ನುವುದು ಗೊತ್ತಾಗುತ್ತದೆ. ಬೇಹಿಗೆ ಹೋದವರ ಧೈರ್ಯವನ್ನು ಅಳೆಯುವುದು ಕಷ್ಟದ ಕೆಲಸ. ಎಲ್ಲ ಸರಿಯಾಗಿ ನಡೆದ ದಿನ ಅವರು ಮಾಡಿದ್ದು ಯಾರಿಗೂ ಕಾಣುವುದಿಲ್ಲ.

ನೋಡಿಕೊಂಡು ಬರುವ ಕೆಲಸ

ಯುದ್ಧ ಶುರುವಾದಾಗ ವಿಮಾನದಿಂದ ಏನು ಪ್ರಯೋಜನ ಅಂತ ಸೇನಾಧಿಕಾರಿಗಳಲ್ಲೇ ಒಮ್ಮತ ಇರಲಿಲ್ಲ. ಬ್ರಿಟಿಷ್ ಸೈನ್ಯದ ವಿಮಾನ ದಳ ರಾಯಲ್ ಫ್ಲೈಯಿಂಗ್ ಕೋರ್ ಫ್ರಾನ್ಸ್‌ಗೆ ಹೋದ ಮೇಲೆ ಮೊದಲ ಬೇಹು ಹಾರಾಟ ನಡೆದದ್ದು 1914ರ ಆಗಸ್ಟ್ 19ರಂದು. ಫಿಲಿಪ್ ಜೂಬೇರ್ ಒಂದು ಬ್ಲೇರಿಯೋ ವಿಮಾನದಲ್ಲಿ, ಗಿಲ್ಬರ್ಟ್ ಮ್ಯಾಪಲ್‌ಬೆಕ್ ಒಂದು ಬಿ.ಇ.2ರಲ್ಲಿ ಹೊರಟರು. ಇಬ್ಬರಿಗೂ ದಾರಿ ತಪ್ಪಿತು. ಜೂಬೇರ್ ಅಲ್ಲಲ್ಲಿ ಇಳಿದು ಜನರನ್ನು ದಾರಿ ಕೇಳಿಕೊಂಡು ವಾಪಸ್ ಬಂದರು. ಇದಕ್ಕೆಲ್ಲ ಯಾರು ಪದಕ ಕೊಡುತ್ತಾರೆ, ಅಲ್ವಾ? ಆದರೆ ನಕ್ಷೆ ಸರಿ ಇಲ್ಲದೆ, ರೇಡಿಯೋ ಇಲ್ಲದೆ, ಶತ್ರು ಎಲ್ಲಿದ್ದಾನೆ ಅಂತಲೇ ಗೊತ್ತಿಲ್ಲದ ಕಡೆ, ಯಾವಾಗ ಬೇಕಾದರೂ ನಿಂತು ಹೋಗಬಹುದಾದ ಎಂಜಿನ್ ನಂಬಿಕೊಂಡು ಒಬ್ಬರೇ ಹಾರುವುದು ಸುಮ್ನೆ ಮಾತಲ್ಲ.

ಮೂರೇ ದಿನಕ್ಕೆ ಆ ಕೆಲಸದ ಬೆಲೆ ಗೊತ್ತಾಯಿತು. ಆಗಸ್ಟ್ 22ರಂದು, ಮಾನ್ಸ್ ಕಾಳಗದ ಹಿಂದಿನ ದಿನ, ಜರ್ಮನ್ ಸೈನ್ಯದ ದೊಡ್ಡ ಸಾಲುಗಳು ಬ್ರಸೆಲ್ಸ್‌ನಿಂದ ಪಶ್ಚಿಮಕ್ಕೆ ಸಾಗುತ್ತಿರುವುದನ್ನು ವೈಮಾನಿಕರು ಕಂಡು ಬಂದು ಹೇಳಿದರು. ಬ್ರಿಟಿಷ್ ಸೈನ್ಯವನ್ನು ಪಕ್ಕದಿಂದ ಸುತ್ತುವರಿಯುವ ಅಪಾಯ ಇದೆ ಅನ್ನುವುದು ಇದರಿಂದ ತಿಳಿಯಿತು. ಅದೇ ದಿನ ಒಂದು ಆವ್ರೋ ವಿಮಾನ ಕೆಳಗಿನಿಂದ ಬಂದ ಗುಂಡಿಗೆ ಬಿದ್ದು ಅದರಲ್ಲಿದ್ದ ಇಬ್ಬರೂ ಸತ್ತರು. ಸೆಪ್ಟೆಂಬರ್ 7ರ ತಮ್ಮ ವರದಿಯಲ್ಲಿ ಬ್ರಿಟಿಷ್ ಸೇನಾಪತಿ ಸರ್ ಜಾನ್ ಫ್ರೆಂಚ್ ಈ ವೈಮಾನಿಕರನ್ನು ಹೊಗಳಲು ಮಾತು ಸಾಲದು ಎನ್ನುವಂತೆ ಬರೆದರು. ಹೊಗಳಿಕೆ ಬಂದದ್ದು ಎಲ್ಲರಿಗೂ ಸೇರಿ. ಪದಕ ಹಾಗೆ ಎಲ್ಲರಿಗೂ ಸೇರಿ ಬರುವುದಿಲ್ಲ.

1915ರ ಹೊತ್ತಿಗೆ ಕೆಲಸ ಇನ್ನೂ ಕಠಿಣವಾಗಿತ್ತು. ಸೈನ್ಯಗಳು ಕಂದಕಗಳಲ್ಲಿ ಕೂತಿದ್ದವು. ಕುದುರೆ ದಳ ಹೋಗಿ ನೋಡಿ ಬರಲು ಸಂದಿಯೇ ಇರಲಿಲ್ಲ. ಶತ್ರುವಿನ ಬೆನ್ನ ಹಿಂದೆ ಏನಿದೆ ಅನ್ನುವುದಕ್ಕೆ ಮೇಲಿನಿಂದ ನೋಡುವುದೇ ಮುಖ್ಯ ದಾರಿ. ಒಸ್ಟೆಂಡ್, ಬ್ರೂಜ್, ಗೆಂಟ್ ಸುತ್ತು ಯಾಕೆ ಅಂದರೆ ಅವು ರೈಲು ದಾರಿಗಳು ಕೂಡುವ ಊರುಗಳು. ಬ್ರೂಜ್‌ನಿಂದ ಕಾಲುವೆಗಳ ಮೂಲಕ ಒಸ್ಟೆಂಡ್, ಝೀಬ್ರುಗ್ಗೆ ಬಂದರುಗಳಿಗೆ ಹೋಗಬಹುದು. ಆ ವರ್ಷ ಜರ್ಮನ್ ಜಲಾಂತರ್ಗಾಮಿಗಳು ಅಲ್ಲಿ ನೆಲೆ ಮಾಡಿಕೊಳ್ಳುತ್ತಿದ್ದವು. ಯಾರ್ಡಿನಲ್ಲಿ ಎಷ್ಟು ವ್ಯಾಗನ್ ನಿಂತಿವೆ, ಯಾವ ರೈಲು ಯಾವ ಕಡೆ ಮುಖ ಮಾಡಿದೆ, ಬಂದರಿನಲ್ಲಿ ಏನು ಬಂದಿದೆ, ಇದನ್ನೆಲ್ಲ ಮುಂದಿನ ಸೀಟಿನವನು ಎಣಿಸಿ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಹಿಂದಿನ ಸೀಟಿನವನು ವಿಮಾನವನ್ನು ನೆಟ್ಟಗೆ ಹಿಡಿದಿರಬೇಕು. ಕೆಳಗಿನಿಂದ ಫಿರಂಗಿ ಹೊಡೆಯುತ್ತಿದ್ದರೂ ದಾರಿ ಬಿಡುವಂತಿಲ್ಲ. ದಾರಿ ಬಿಟ್ಟರೆ ಎಣಿಕೆ ಅರ್ಧಕ್ಕೇ ನಿಲ್ಲುತ್ತದೆ.

ಆ ಇಬ್ಬರು

ಲಿಡೆಲ್ ಹುಟ್ಟಿದ್ದು 1888ರ ಆಗಸ್ಟ್ 3ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಅನುಕೂಲಸ್ಥ ಕ್ಯಾಥೊಲಿಕ್ ಮನೆತನ. ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವರು. ಶಾಲೆಯಲ್ಲಿದ್ದಾಗಿನಿಂದಲೂ ರಸಾಯನ, ಎಂಜಿನ್ ಅಂತ ಕೈ ಕೊಳೆ ಮಾಡಿಕೊಳ್ಳುವ ಹುಚ್ಚು ಇತ್ತು. 1914ರಲ್ಲಿ, ಯುದ್ಧಕ್ಕೆ ಮುಂಚೆಯೇ, ಬ್ರೂಕ್‌ಲ್ಯಾಂಡ್ಸ್‌ನಲ್ಲಿ ವಿಮಾನ ಓಡಿಸಲು ಕಲಿತಿದ್ದರು.

ಆದರೂ ಯುದ್ಧಕ್ಕೆ ಮೊದಲು ಹೋದದ್ದು ಕಾಲಾಳು ದಳದಲ್ಲಿ, ಆರ್ಗೈಲ್ ಆಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಜೊತೆ, ಮಷಿನ್ ಗನ್ ಅಧಿಕಾರಿಯಾಗಿ. ಅಲ್ಲಿ ಒಂದೇ ಸಮನೆ 43 ದಿನ ಕಂದಕದಲ್ಲಿ ಕಳೆದರು. ಕೆಸರು, ಚಳಿ, ಹೇನು, ಶೆಲ್. ಅದಕ್ಕೆ ಅವರಿಗೆ ಮಿಲಿಟರಿ ಕ್ರಾಸ್ ಎಂಬ ಪದಕ ಬಂತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆರೋಗ್ಯ ಕೆಟ್ಟು ಊರಿಗೆ ಹೋಗಿ, ಸುಧಾರಿಸಿಕೊಂಡು 1915ರ ಮೇ ತಿಂಗಳಲ್ಲಿ ಫ್ಲೈಯಿಂಗ್ ಕೋರ್ ಸೇರಿದರು. ಜುಲೈ ಕೊನೆಯ ವಾರದಲ್ಲಿ ಫ್ರಾನ್ಸಿನ ಸೇಂಟ್ ಓಮರ್‌ನಲ್ಲಿದ್ದ 7ನೇ ಸ್ಕ್ವಾಡ್ರನ್‌ಗೆ ಬಂದರು. ಗಾಯವಾದಾಗ ಸ್ಕ್ವಾಡ್ರನ್‌ನಲ್ಲಿ ಅವರಿಗೆ ಸುಮಾರು ಒಂದು ವಾರ ಆಗಿತ್ತು, ಅಷ್ಟೇ. ಅನುಭವಸ್ಥ ಯುದ್ಧ ಪೈಲಟ್ ಅನ್ನುವ ಚಿತ್ರ ನಿಮ್ಮ ತಲೆಯಲ್ಲಿದ್ದರೆ ಅದನ್ನು ತೆಗೆದುಬಿಡಿ.

ಪೆಕ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅದೂ ಈ ಪ್ರಕರಣದ ಒಂದು ಭಾಗವೇ. ಆಗಿನ ಅಬ್ಸರ್ವರ್‌ಗಳು ಹೆಚ್ಚಾಗಿ ಬೇರೆ ದಳಗಳಿಂದ ಎರವಲು ಬಂದವರು. ಪೈಲಟ್‌ಗಳ ಎದೆ ಮೇಲೆ ರೆಕ್ಕೆಯ ಬ್ಯಾಡ್ಜ್ ಇತ್ತು. ಅಬ್ಸರ್ವರ್‌ಗಳಿಗೆ ಅಂತ ಒಂದೇ ರೆಕ್ಕೆಯ ಬ್ಯಾಡ್ಜ್ ಬಂದದ್ದು ಆ ವರ್ಷದ ಕೊನೆಯ ತಿಂಗಳುಗಳಲ್ಲಿ. ಜುಲೈ 31ರಂದು ಪೆಕ್ ಎದೆ ಮೇಲೆ ಅದೂ ಇರಲಿಲ್ಲ.

ವಿಮಾನ ಆರ್.ಇ.5. ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯದು. 120 ಅಶ್ವಶಕ್ತಿಯ ಎಂಜಿನ್, ಮರದ ಚೌಕಟ್ಟು, ಬಟ್ಟೆಯ ಹೊದಿಕೆ. ಅಬ್ಸರ್ವರ್ ಕೂರುವುದು ಮುಂದೆ, ಎಂಜಿನ್ ಹಿಂದೆಯೇ. ಸುತ್ತ ರೆಕ್ಕೆಗಳು, ಕಂಬಗಳು, ತಂತಿಗಳು. ಕೈಯಲ್ಲಿ ಲೂಯಿಸ್ ಗನ್ ಇದ್ದರೂ ಗುಂಡು ಹಾರಿಸಲು ಸರಿಯಾದ ಜಾಗ ಇಲ್ಲ. ಹಿಂದಿನಿಂದ, ಮೇಲಿನಿಂದ ಬರುವ ಶತ್ರುವಿಗೆ ಇದು ಸುಲಭದ ಗುರಿ.

ಆ ಅರ್ಧ ಗಂಟೆ

ಗುಂಡು ಬಡಿದಾಗ ಏನಾಯಿತು ಅನ್ನುವುದನ್ನು ನಿಧಾನವಾಗಿ ನೋಡೋಣ. ಪದಕದ ವಿಷಯದಲ್ಲಿ ಎಲ್ಲರೂ 'ಧೈರ್ಯ' ಅಂತ ಒಂದು ಪದದಲ್ಲಿ ಮುಗಿಸಿಬಿಡುತ್ತಾರೆ. ಇಲ್ಲಿ ಕೈಕೆಲಸವೂ ಅಷ್ಟೇ ಇತ್ತು.

ಪೆಕ್ ತಿರುಗಿ ಗುಂಡು ಹಾರಿಸುತ್ತಿದ್ದರು. ಅಷ್ಟರಲ್ಲಿ ವಿಮಾನ ಮೂಗು ಕೆಳಗೆ ಮಾಡಿ, ಮಗುಚಿಕೊಂಡು ಬೀಳತೊಡಗಿತು. ತೆರೆದ ಕಾಕ್‌ಪಿಟ್. ಪೆಕ್ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಹೊರಗೆ ಬೀಳದೆ ಉಳಿದರು. ಹಿಂದೆ ಪೈಲಟ್ ಬದುಕಿದ್ದಾರೋ ಸತ್ತಿದ್ದಾರೋ ಅವರಿಗೆ ಗೊತ್ತಿಲ್ಲ. ಮುಂದಿನ ಸೀಟಿನಲ್ಲಿ ವಿಮಾನವನ್ನು ತಿರುಗಿಸುವ ಸಾಧನ ಏನೂ ಇಲ್ಲ. ಪ್ಯಾರಾಚೂಟ್ ಅಂತೂ ಬ್ರಿಟಿಷ್ ವಿಮಾನ ಸಿಬ್ಬಂದಿಗೆ ಆ ಯುದ್ಧದಲ್ಲಿ ಕೊಡಲೇ ಇಲ್ಲ. ಕೂತು ಕಾಯುವುದೊಂದೇ ದಾರಿ.

3,000 ಅಡಿ ಬಿದ್ದ ಮೇಲೆ ಲಿಡೆಲ್‌ಗೆ ಎಚ್ಚರ ಬಂತು. ನೆಲ ಇನ್ನು ಸುಮಾರು 2,000 ಅಡಿ ಕೆಳಗಿತ್ತು. ಹೇಗೋ ವಿಮಾನ ನೇರವಾಯಿತು. ಆಮೇಲೆ ಏನೇನು ಮುರಿದಿದೆ ಅನ್ನುವುದು ಕಂಡಿತು. ಕೈಯಲ್ಲಿ ಹಿಡಿಯುವ ಚಕ್ರ ಮುರಿದಿತ್ತು. ಎಂಜಿನ್ ವೇಗ ಏರಿಸಿ ಇಳಿಸುವ ಥ್ರಾಟಲ್ ಒಡೆದಿತ್ತು. ಕೆಳಗಿನ ಗಾಲಿಯ ಆಸರೆ ಕಂಬಗಳಲ್ಲಿ ಒಂದು ಮುರಿದಿತ್ತು. ಮೂಳೆ ಮುರಿದ ಬಲಗಾಲಿನಿಂದ ರಕ್ತ ಹೋಗುತ್ತಿತ್ತು. ಆ ಕಾಲದ ವಿಮಾನದಲ್ಲಿ ಚುಕ್ಕಾಣಿ ತಿರುಗಿಸುವುದು ಕಾಲಿನಿಂದ ಅನ್ನುವುದನ್ನೂ ಸೇರಿಸಿಕೊಳ್ಳಿ.

ಇಲ್ಲಿ ಅವರ ಮುಂದೆ ಒಂದು ಆಯ್ಕೆ ಇತ್ತು. ಕೆಳಗೆ ಇಳಿಸಿಬಿಡಬಹುದಿತ್ತು. ಜರ್ಮನ್ನರ ಕೈಗೆ ಸಿಕ್ಕಿ ಸೆರೆಯಾಗುತ್ತಿದ್ದರು. ಬೇಗ ವೈದ್ಯರೂ ಸಿಗುತ್ತಿದ್ದರು. ಯಾರೂ ಆಕ್ಷೇಪ ಮಾಡುತ್ತಿರಲಿಲ್ಲ. ಅವರು ಪಶ್ಚಿಮಕ್ಕೆ ತಿರುಗಿದರು. ಬ್ರೂಜ್‌ನಿಂದ ಬೆಲ್ಜಿಯಂ ಕರಾವಳಿಯ ಡಿ ಪಾನ್‌ಗೆ ನೇರವಾಗಿ ಸುಮಾರು 45 ಕಿಲೋಮೀಟರ್. ಉದ್ದಕ್ಕೂ ಕೆಳಗಿನಿಂದ ಗುಂಡು. ಎತ್ತರ ಕಡಿಮೆ ಇದ್ದುದರಿಂದ ಕೋವಿಯ ಗುಂಡೂ ತಲುಪುವಂತಿತ್ತು. ಡಿ ಪಾನ್ ಬಳಿ ಬೆಲ್ಜಿಯನ್ನರ ವಿಮಾನ ನೆಲೆಯಲ್ಲಿ ಇಳಿಸಿದರು. ಥ್ರಾಟಲ್ ಇಲ್ಲದೆ, ಗಾಲಿಯ ಒಂದು ಕಂಬ ಇಲ್ಲದೆ, ಒಂದು ಕಾಲು ಕೆಲಸ ಮಾಡದೆ.

ಇಳಿದ ಮೇಲೂ ಅವರು ಅವಸರ ಮಾಡಲಿಲ್ಲ. ಬೆಲ್ಜಿಯನ್ ಸೈನಿಕರು ಎತ್ತಲು ಬಂದಾಗ, ಡಾಕ್ಟರು ಬರುವ ತನಕ ಮುಟ್ಟಬೇಡಿ ಎಂದು ತಡೆದರು. ಕೂತಲ್ಲೇ ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿಕೊಂಡು ರಕ್ತ ನಿಲ್ಲಿಸಿ, ಕಾಲಿಗೆ ದಬ್ಬೆ ಕಟ್ಟಿಕೊಂಡರು. ಮೂಳೆ ಮುರಿದವರನ್ನು ಹೇಗೆಂದರೆ ಹಾಗೆ ಎಳೆದರೆ ಚೂರುಗಳು ಒಳಗಿನ ರಕ್ತನಾಳ ಕುಯ್ಯುತ್ತವೆ. ಪ್ರಾಣಿಶಾಸ್ತ್ರ ಓದಿದವರಿಗೆ ಇದು ಗೊತ್ತಿದ್ದಿರಬೇಕು. ಅವರನ್ನು ಕಾಕ್‌ಪಿಟ್‌ನಿಂದ ಎತ್ತುವಾಗ ಯಾರೋ ಫೋಟೋ ತೆಗೆದರು. ಆ ಫೋಟೋಗಳು ಬ್ರಿಟಿಷ್ ಪತ್ರಿಕೆಗಳಲ್ಲಿ ಬಂದವು. ಅಷ್ಟು ನೋವಿನಲ್ಲೂ ನಗುಮುಖ. ಆ ನಗುವನ್ನು ನಾನು ಜಾಸ್ತಿ ನಂಬುವುದಿಲ್ಲ. ರಕ್ತ ಹೋದವರ ಮುಖದಲ್ಲಿ ಅಂಥ ಒಂದು ಅಮಲು ಇರುತ್ತದೆ. ಆದರೆ ಪತ್ರಿಕೆಗಳಿಗೆ ಬೇಕಾದದ್ದು ಅದೇ ನಗು.

ಕಾಲು ಉಳಿಯಲಿಲ್ಲ

ಮೊದಲಿಗೆ ಎಲ್ಲರಿಗೂ ಆಸೆ ಇತ್ತು. ಆಸ್ಪತ್ರೆಯಲ್ಲೇ, ಗಾಯವಾದ ಮೂರನೆಯ ದಿನಕ್ಕೆ, ಅವರಿಗೆ 27 ತುಂಬಿತು. ಡಿ ಪಾನ್ ಆಗ ಸಣ್ಣ ಕಡಲತೀರದ ಊರು. ಬೆಲ್ಜಿಯಂನ ರಾಜ ಆಲ್ಬರ್ಟ್, ರಾಣಿ ಎಲಿಸಬೆತ್ ಅಲ್ಲೇ ಇದ್ದರು. ಅಲ್ಲಿನ ಒಂದು ಹೋಟೆಲ್ಲನ್ನು ಡಾ. ಆಂಟ್ವಾನ್ ಡೆಪಾಜ್ ರೆಡ್ ಕ್ರಾಸ್ ಆಸ್ಪತ್ರೆಯಾಗಿ ಮಾಡಿದ್ದರು. ಆ ಭಾಗದಲ್ಲಿ ಸಿಗಬಹುದಾದ ಒಳ್ಳೆಯ ಚಿಕಿತ್ಸೆ ಆ ಊರಿನಲ್ಲೇ ಇತ್ತು.

ಆದರೂ ನಂಜು ಏರಿತು. ಫ್ಲಾಂಡರ್ಸ್‌ನ ನೆಲ ತಲೆಮಾರುಗಳಿಂದ ಗೊಬ್ಬರ ಹಾಕಿದ ಬೇಸಾಯದ ನೆಲ. ಬಟ್ಟೆ, ಮಣ್ಣು, ಗುಂಡಿನ ಚೂರು ಒಳಗೆ ಹೊಕ್ಕರೆ ಗಾಯ ಕೊಳೆಯುವುದು ಸಾಮಾನ್ಯವಾಗಿತ್ತು. ಪೆನಿಸಿಲಿನ್ ಕಂಡುಹಿಡಿಯಲು ಇನ್ನೂ 13 ವರ್ಷ ಇತ್ತು. ತೊಡೆಮೂಳೆ ಮುರಿದವರಿಗೆ ಜೀವ ಉಳಿಸಿದ ಥಾಮಸ್ ಸ್ಪ್ಲಿಂಟ್ ಎಂಬ ದಬ್ಬೆ ಯುದ್ಧಭೂಮಿಯಲ್ಲಿ ಎಲ್ಲೆಡೆ ಬಳಕೆಗೆ ಬಂದದ್ದೂ ಆಮೇಲೆಯೇ. ಕಾಲನ್ನು ಕತ್ತರಿಸಬೇಕಾಯಿತು. ಅದೂ ತಡೆಯಲಿಲ್ಲ. ಆಗಸ್ಟ್ 31ರಂದು ಲಿಡೆಲ್ ತೀರಿಕೊಂಡರು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನಲ್ಲಿ ಅವರ ಸಮಾಧಿ ಇದೆ.

ಪದಕ ಯಾಕೆ ಬಂತು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಆ ವಾರದಲ್ಲಿ ಎಷ್ಟೋ ವಿಮಾನಗಳು ಎಷ್ಟೋ ಊರುಗಳ ಮೇಲೆ ಹಾರಿದವು. ಇವರಿಗೆ ಮಾತ್ರ ಅತಿ ದೊಡ್ಡ ಪದಕ ಯಾಕೆ?

ವಿಕ್ಟೋರಿಯಾ ಕ್ರಾಸ್ ಶುರುವಾದದ್ದು 1856ರ ರಾಜಾಜ್ಞೆಯಿಂದ. ಅದರಲ್ಲಿ ಸಾಕ್ಷಿಯ ಮಾತು ಬಹಳ ಮುಖ್ಯ. ಮೇಲಧಿಕಾರಿಯ ಕಣ್ಣ ಮುಂದೆ ನಡೆಯದ ಸಾಹಸವಾದರೆ, ಅದು ನಡೆಯಿತು ಅಂತ ಅಧಿಕಾರಿಗೆ ಮನವರಿಕೆ ಆಗುವಂತೆ ಸಾಬೀತು ಮಾಡಬೇಕು. ನೆಲದ ಮೇಲೆ ಹೋರಾಡುವವರ ಸುತ್ತ ನೂರಾರು ಜನ ಇರುತ್ತಾರೆ. 5,000 ಅಡಿ ಮೇಲೆ, ಶತ್ರುವಿನ ನೆಲದ ಮೇಲೆ, ಯಾರಿದ್ದಾರೆ ನೋಡಲು?

ಲಿಡೆಲ್ ಪ್ರಕರಣದಲ್ಲಿ ಮೂರು ಸಾಕ್ಷಿಗಳು ಒಟ್ಟಿಗೆ ಸಿಕ್ಕವು. ಪೆಕ್ ಜೀವಂತ ಬಂದರು, ನಡೆದದ್ದನ್ನು ಹೇಳಬಲ್ಲರು. ವಿಮಾನವೂ ಬಂತು, ಮುರಿದ ಚಕ್ರವನ್ನು ಯಾರು ಬೇಕಾದರೂ ಮುಟ್ಟಿ ನೋಡಬಹುದು. ಇಳಿದದ್ದು ಜನರಿರುವ ಕಡೆ, ಫೋಟೋ ಕೂಡ ಆಯಿತು. ಗೆಜೆಟ್‌ನ ಬರಹವನ್ನು ಓದಿದರೆ ಇದು ಸ್ಪಷ್ಟ. ಚಕ್ರ, ಥ್ರಾಟಲ್, ಗಾಲಿಯ ಕಂಬ ಮುರಿದದ್ದನ್ನು ಒಂದೊಂದಾಗಿ ಹೇಳಿ, ಇಷ್ಟೆಲ್ಲ ಆಗಿಯೂ ಇವರು ಇದನ್ನು ಮಾಡಿದರು ಅನ್ನುವುದು ನಂಬಲಾಗದ ಮಾತು ಎಂಬ ಅರ್ಥದಲ್ಲಿ ಬರೆದಿದ್ದಾರೆ. ಸರ್ಕಾರಿ ಬರಹದಲ್ಲಿ ಇಂಥ ಬೆರಗು ಅಪರೂಪ.

ಇದನ್ನೇ ತಿರುಗಿಸಿ ನೋಡಿ. ಎಚ್ಚರ ಬರುವುದು ಇನ್ನೊಂದಿಷ್ಟು ಹೊತ್ತು ತಡವಾಗಿದ್ದರೆ? ಅಥವಾ ಅದೇ ಅರ್ಧ ಗಂಟೆ ಹಾರಿ, ಕೊನೆಯ ಒಂದು ಕಿಲೋಮೀಟರ್‌ನಲ್ಲಿ ವಿಮಾನ ಬಿದ್ದು ಇಬ್ಬರೂ ಸತ್ತಿದ್ದರೆ? ಅದೇ ಧೈರ್ಯ, ಅದೇ ನೋವು, ಅದೇ ಕೈಕೆಲಸ. ಆದರೆ ಹೇಳುವವರಿಲ್ಲ. ಆಗ ಬ್ರಿಟಿಷ್ ನಿಯಮದಲ್ಲಿ ಸತ್ತವರಿಗೆ ಕೊಡಬಹುದಾಗಿದ್ದದ್ದು ಎರಡೇ: ಒಂದು ವಿಕ್ಟೋರಿಯಾ ಕ್ರಾಸ್, ಇನ್ನೊಂದು ಸೇನಾಪತಿಯ ವರದಿಯಲ್ಲಿ ಹೆಸರಿನ ಪ್ರಸ್ತಾಪ. ನಡುವೆ ಏನೂ ಇಲ್ಲ. ಸಾಕ್ಷಿ ಇಲ್ಲದೆ ಮೊದಲನೆಯದು ಬರುವುದಿಲ್ಲ. ಉಳಿಯುವುದು ಒಂದು ಸಾಲು, ಅಷ್ಟೇ.

ಆ ವರ್ಷ ಪದಕ ಪಡೆದ ಬೇರೆ ವೈಮಾನಿಕರನ್ನೂ ನೋಡಿ. ಮೊದಲ ವಿಕ್ಟೋರಿಯಾ ಕ್ರಾಸ್ ವೈಮಾನಿಕ ವಿಲಿಯಂ ರೋಡ್ಸ್-ಮೂರ್‌ಹೌಸ್ ಏಪ್ರಿಲ್ 26ರಂದು ಕೋರ್ಟ್ರೈ ರೈಲ್ವೆಯ ಮೇಲೆ ಬಾಂಬ್ ಹಾಕಿ, ಮೈತುಂಬ ಗಾಯದೊಂದಿಗೆ ನೆಲೆಗೆ ಬಂದು, ವರದಿ ಕೊಟ್ಟು, ಮರುದಿನ ಸತ್ತರು. ಡಾರ್ಜಿಲಿಂಗ್‌ನಲ್ಲಿ ಹುಟ್ಟಿದ ರೆಜಿನಾಲ್ಡ್ ವಾರ್ನ್‌ಫರ್ಡ್ ಜೂನ್ 7ರಂದು ಗೆಂಟ್ ಮೇಲೆ ಜರ್ಮನ್ನರ ದೊಡ್ಡ ವಾಯುನೌಕೆ, ಒಂದು ಜೆಪ್ಪೆಲಿನ್ ಉರುಳಿಸಿದರು. ಒಬ್ಬರೇ ಇದ್ದರು, ಆದರೆ ಉರಿಯುತ್ತ ಬಿದ್ದ ಜೆಪ್ಪೆಲಿನ್‌ಗಿಂತ ದೊಡ್ಡ ಸಾಕ್ಷಿ ಬೇಕೇ? ಲೇನೋ ಹಾಕರ್ ಜುಲೈ 25ರಂದು ಶತ್ರು ವಿಮಾನಗಳ ಮೇಲೆ ಬಿದ್ದು ಹೋರಾಡಿದರು. ಎಲ್ಲದರಲ್ಲೂ ಕಣ್ಣಿಗೆ ಹೊಡೆಯುವ ಒಂದು ಘಟನೆ ಇದೆ. ವ್ಯಾಗನ್ ಎಣಿಸಿಕೊಂಡು ಬಂದದ್ದಕ್ಕೆ ಈ ಪದಕ ಯಾರಿಗೂ ಬಂದಿಲ್ಲ. ಬೆಂಕಿ ನಂದಿಸಿದವರನ್ನು ಎಲ್ಲರೂ ನೆನೆಯುತ್ತಾರೆ, ಬೆಂಕಿ ಬೀಳದಂತೆ ರಾತ್ರಿಯೆಲ್ಲ ಕಾದವನನ್ನು ಯಾರು ನೆನೆಯುತ್ತಾರೆ?

ಇಲ್ಲೇ ಲಿಡೆಲ್ ಅವರ ಮೊದಲ ಪದಕ ನೆನಪಾಗಬೇಕು. ಕಂದಕದಲ್ಲಿ 43 ದಿನ ತಡೆದುಕೊಂಡದ್ದಕ್ಕೆ ಮಿಲಿಟರಿ ಕ್ರಾಸ್. ಆಕಾಶದಲ್ಲಿ ಅರ್ಧ ಗಂಟೆಗೆ ವಿಕ್ಟೋರಿಯಾ ಕ್ರಾಸ್. ಮಿಲಿಟರಿ ಕ್ರಾಸ್ ಶುರುವಾದದ್ದೇ 1914ರ ಡಿಸೆಂಬರ್ 28ರಂದು, ಕ್ಯಾಪ್ಟನ್ ಮತ್ತು ಅದಕ್ಕಿಂತ ಕೆಳಗಿನ ಅಧಿಕಾರಿಗಳಿಗೆ. ಆಮೇಲೆ ಎಷ್ಟೋ ಪೈಲಟ್, ಅಬ್ಸರ್ವರ್‌ಗಳಿಗೆ 'ಹಲವು ಸಂದರ್ಭಗಳಲ್ಲಿ ತೋರಿದ ಧೈರ್ಯ ಮತ್ತು ಕುಶಲತೆಗೆ' ಎಂಬ ಮಾತಿನೊಂದಿಗೆ ಅದನ್ನು ಕೊಟ್ಟರು. ನನ್ನ ಲೆಕ್ಕದಲ್ಲಿ ಬೇಹು ಹಾರಾಟದವರ ನಿಜವಾದ ಪದಕ ಅದೇ. ದಿನಾ ಹೋಗಿ ಬರುವವನ ಪದಕ. ವಿಕ್ಟೋರಿಯಾ ಕ್ರಾಸ್ ಬಂದದ್ದು ಆ ಕೆಲಸ ಕೈಕೊಟ್ಟ ದಿನ.

ಮುಂದಿನ ಸೀಟು

ಗೆಜೆಟ್ ಬರಹದಲ್ಲಿ ಪೆಕ್ ಹೆಸರಿಲ್ಲ. 'ಅವರ ಅಬ್ಸರ್ವರ್' ಅಂತ ಇದೆ. ಅದೂ ಲಿಡೆಲ್ ಉಳಿಸಿದ ಜೀವ ಅನ್ನುವ ಲೆಕ್ಕದಲ್ಲಿ. ಮಗುಚಿದ ವಿಮಾನದಲ್ಲಿ ನೇತಾಡಿ ಉಳಿದವರು, ಅದಕ್ಕೂ ಮೊದಲು ಶತ್ರುವಿನ ಮೇಲೆ ಗುಂಡು ಹಾರಿಸಿದವರು, ಅವತ್ತಿನ ಹಾರಾಟದ ಕಣ್ಣೇ ಆಗಿದ್ದವರು, ಬರಹದಲ್ಲಿ ಸಾಮಾನಿನ ಪಟ್ಟಿಗೆ ಸೇರಿದ್ದಾರೆ: ವಿಮಾನ ಉಳಿಯಿತು, ಅಬ್ಸರ್ವರ್ ಉಳಿದರು.

ಇದು ಒಂದು ಸಲದ ಮಾತಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ 19 ವೈಮಾನಿಕರಿಗೆ ವಿಕ್ಟೋರಿಯಾ ಕ್ರಾಸ್ ಬಂತು. 19 ಜನವೂ ಪೈಲಟ್‌ಗಳೇ. ಒಬ್ಬ ಅಬ್ಸರ್ವರ್ ಇಲ್ಲ. 1915ರ ನವೆಂಬರ್‌ನ ಸಾಹಸಕ್ಕೆ ಪೈಲಟ್ ಗಿಲ್ಬರ್ಟ್ ಇನ್ಸಾಲ್‌ಗೆ ಆ ಪದಕ ಬಂದಾಗ, ಅವರ ಜೊತೆಗಿದ್ದ ಗನ್ನರ್ ಕಾರ್ಪೊರಲ್ ಡೊನಾಲ್ಡ್‌ಗೆ ಅದಕ್ಕಿಂತ ಕೆಳಗಿನ ಡಿಸ್ಟಿಂಗ್ವಿಶ್ಡ್ ಕಂಡಕ್ಟ್ ಮೆಡಲ್. 1917ರಲ್ಲಿ ಸಾರ್ಜೆಂಟ್ ಮಾಟರ್ಸ್‌ಹೆಡ್ ಉರಿಯುವ ವಿಮಾನವನ್ನು ಇಳಿಸಿ ಅಬ್ಸರ್ವರ್ ಗೋವರ್ ಅವರನ್ನು ಉಳಿಸಿದಾಗ, ಗೋವರ್‌ಗೆ ಮಿಲಿಟರಿ ಕ್ರಾಸ್. 1918ರಲ್ಲಿ ಅಲನ್ ಮೆಕ್ಲಿಯಾಡ್‌ಗೆ ವಿಕ್ಟೋರಿಯಾ ಕ್ರಾಸ್, ಒಂದು ಕಾಲು ಕಳೆದುಕೊಂಡ ಅವರ ಅಬ್ಸರ್ವರ್ ಹ್ಯಾಮಂಡ್‌ಗೆ ಎರಡನೇ ಸಲ ಮಿಲಿಟರಿ ಕ್ರಾಸ್. ಒಂದೇ ವಿಮಾನ, ಒಂದೇ ಗುಂಡಿನ ಮಳೆ, ಎರಡು ಮೆಟ್ಟಿಲಿನ ಪದಕ.

ಇದಕ್ಕೆ ಒಂದು ಸಮರ್ಥನೆ ಇದೆ. ಆಯ್ಕೆ ಇದ್ದದ್ದು ಪೈಲಟ್‌ಗೆ. ಇಳಿಸಬೇಕೋ ಹಾರಬೇಕೋ ಅನ್ನುವುದು ಅವನ ಕೈಯಲ್ಲಿತ್ತು. ಅಬ್ಸರ್ವರ್‌ಗೆ ಬೇರೆ ದಾರಿಯೇ ಇರಲಿಲ್ಲ. ಬೇರೆ ದಾರಿ ಇಲ್ಲದೆ ಕೂತದ್ದನ್ನು ಶೌರ್ಯ ಅನ್ನಬಹುದೇ? ವಾದ ತೆಗೆದುಹಾಕುವಂಥದ್ದಲ್ಲ. ಆದರೆ ನನಗೆ ಪೂರ್ತಿ ಒಪ್ಪಿಗೆ ಆಗುವುದಿಲ್ಲ. ಆಯ್ಕೆ ಆದದ್ದು ಬೆಳಿಗ್ಗೆ ವಿಮಾನ ಹತ್ತುವಾಗ. ಬೇರೆಯವರ ಕೈಯಲ್ಲಿ ಚಕ್ರ ಕೊಟ್ಟು ಮುಂದೆ ಕೂರುವುದಕ್ಕೆ ಒಪ್ಪುವುದು ಆ ಆಯ್ಕೆಯೇ.

ಜರ್ಮನ್ನರ ಕಡೆ ಲೆಕ್ಕ ಬೇರೆ ಇತ್ತು. ಅವರ ಎರಡು ಸೀಟಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಅಬ್ಸರ್ವರ್ ಅಧಿಕಾರಿ, ವಿಮಾನದ ಯಜಮಾನ. ಪೈಲಟ್ ಎಷ್ಟೋ ಸಲ ಕೆಳದರ್ಜೆಯ ಸೈನಿಕ, ಒಂಥರಾ ಡ್ರೈವರ್. ಸೈನಿಕರ ಆಡುಮಾತಿನಲ್ಲಿ ಅಬ್ಸರ್ವರ್‌ಗೆ 'ಫ್ರಾಂಝ್', ಪೈಲಟ್‌ಗೆ 'ಎಮಿಲ್' ಅನ್ನುತ್ತಿದ್ದರು. ಅಲ್ಲಿನ ಅತಿ ದೊಡ್ಡ ಗೌರವ 'ಪೂರ್ ಲೆ ಮೆರಿತ್' 1917ರಲ್ಲಿ ಅಬ್ಸರ್ವರ್ ಪಾಲ್ ಫಾನ್ ಪೆಖ್‌ಮನ್‌ಗೆ ಬಂತು. ಒಂದು ದಿನದ ಸಾಹಸಕ್ಕಿಂತ ನೂರಾರು ಹಾರಾಟಗಳ ಕೆಲಸವನ್ನು ಅಲ್ಲಿ ಎಣಿಸಿದರು. ಜರ್ಮನ್ನರು ಇದರಲ್ಲಿ ಹೆಚ್ಚು ನ್ಯಾಯವಾಗಿದ್ದರು ಅಂತಲ್ಲ. ಅಲ್ಲೂ ಹೆಸರು ಮಾಡಿದವರು ಹೋರಾಟದ ವಿಮಾನದವರೇ. ಲಿಡೆಲ್‌ಗೆ ಗುಂಡು ಬಿದ್ದ ಮರುದಿನ, ಆಗಸ್ಟ್ 1ರಂದು, ಮ್ಯಾಕ್ಸ್ ಇಮ್ಮೆಲ್‌ಮನ್ ತಮ್ಮ ಫೋಕರ್ ಹೋರಾಟದ ವಿಮಾನದಲ್ಲಿ ಮೊದಲ ಗೆಲುವು ಪಡೆದರು. ಅಲ್ಲಿಂದ ಮುಂದೆ ಎರಡೂ ದೇಶಗಳ ಪತ್ರಿಕೆಗಳಿಗೆ ಬೇಕಾದದ್ದು ಎಷ್ಟು ವಿಮಾನ ಉರುಳಿಸಿದ ಎಂಬ ಸಂಖ್ಯೆ. ಎಷ್ಟು ವ್ಯಾಗನ್ ಎಣಿಸಿದ ಎಂಬ ಸಂಖ್ಯೆ ಯಾರಿಗೂ ಬೇಡವಾಯಿತು.

ಸಾಕ್ಷಿ ಇಲ್ಲದವರು

ಸಾಕ್ಷಿಯ ಮಾತು ಬಂದಾಗ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನು ಬಿಟ್ಟು ಹೋಗುವಂತಿಲ್ಲ. ಕಾಲ ಬೇರೆ, ಕೆಲಸವೂ ಬೇಹು ಅಲ್ಲ, ಆದರೆ ಸಿಕ್ಕು ಅದೇ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ವಾಪಸ್ ಬರಲಿಲ್ಲ. ಏನಾಯಿತು ಅಂತ ನೋಡಿದವರು ನಮ್ಮ ಕಡೆ ಯಾರೂ ಇರಲಿಲ್ಲ. ತಮಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಒಂದನ್ನು ಅವರು ಹೊಡೆದುರುಳಿಸಿದ್ದರು ಎನ್ನುವುದು ತಿಳಿದದ್ದು ವರ್ಷಗಳ ನಂತರ, ಪಾಕಿಸ್ತಾನದ ಕಡೆಯ ವಿವರ ಹೊರಬಂದ ಮೇಲೆ. ಆ ವಿಮಾನದ ಪೈಲಟ್ ಬದುಕಿದ್ದರು. ದೇವಯ್ಯ ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. ಶತ್ರುವೇ ಸಾಕ್ಷಿ ಹೇಳಬೇಕಾಯಿತು. ಲಿಡೆಲ್‌ಗೆ 23 ದಿನಕ್ಕೆ ಸಿಕ್ಕಿತು, ಯಾಕೆಂದರೆ ಪೆಕ್ ಇದ್ದರು.

1918ರ ಹೊತ್ತಿಗೆ

ಯುದ್ಧ ಮುಗಿಯುವ ಹೊತ್ತಿಗೆ ಕೆಲವು ಬದಲಾದವು. 1918ರ ಏಪ್ರಿಲ್‌ನಲ್ಲಿ ರಾಯಲ್ ಏರ್ ಫೋರ್ಸ್ ಆಯಿತು. ಜೂನ್ 3ರಂದು ವೈಮಾನಿಕರಿಗೇ ಅಂತ ಬೇರೆ ಪದಕಗಳು ಬಂದವು, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಅವುಗಳಲ್ಲಿ ಒಂದು. ಕಾಲಾಳು ದಳದ ಅಳತೆಯಲ್ಲಿ ಆಕಾಶವನ್ನು ಅಳೆಯುವುದು ಅಷ್ಟರ ಮಟ್ಟಿಗೆ ನಿಂತಿತು.

ಅದಕ್ಕಿಂತ ನನ್ನ ಗಮನ ಸೆಳೆಯುವುದು ಕ್ಯಾಪ್ಟನ್ ಫರ್ಡಿನಂಡ್ ವೆಸ್ಟ್ ಪ್ರಕರಣ. 1918ರ ಆಗಸ್ಟ್ 10ರಂದು ಅವರೂ ಬೇಹಿಗೆ ಹೋಗಿ, ಎಡಗಾಲು ಬಹುತೇಕ ತುಂಡಾಗಿ, ವಿಮಾನವನ್ನು ತಮ್ಮ ಕಡೆಗೆ ತಂದು ಇಳಿಸಿದರು. ಲಿಡೆಲ್ ಪ್ರಕರಣದ ತದ್ರೂಪು. ಆದರೆ ಈ ಸಲ ಗೆಜೆಟ್ ಬರಹದಲ್ಲಿ ಒಂದು ವಿಷಯ ಜಾಸ್ತಿ ಇದೆ: ಇಳಿದ ಮೇಲೆ ಅವರು ಹಟ ಹಿಡಿದು ವರದಿ ಬರೆದುಕೊಟ್ಟರು. ಮೂರು ವರ್ಷ ಹಿಂದೆ ಲಿಡೆಲ್ ಬಗ್ಗೆ ಬರೆದವರು ಸುತ್ತು ಪೂರೈಸಿದರು ಅಂತ ಮಾತ್ರ ಹೇಳಿದ್ದರು. ಏನು ನೋಡಿದರು ಅನ್ನುವುದು ಅದರಲ್ಲಿ ಬರಲೇ ಇಲ್ಲ. ವೆಸ್ಟ್ ಬರಹಕ್ಕೆ ಬರುವಾಗ, ಹೋದದ್ದು ನೋಡಿ ಹೇಳುವುದಕ್ಕೆ ಅನ್ನುವುದು ಪದಕದ ಭಾಷೆಯೊಳಗೂ ಸೇರಿಕೊಂಡಿತ್ತು. ವೆಸ್ಟ್ ಬದುಕಿದರು, 1988ರವರೆಗೂ.

ಪೆಕ್ ಆ ಹೊತ್ತಿಗೆ ಇರಲಿಲ್ಲ. ಅವರು ಹಾರುವುದನ್ನು ಬಿಟ್ಟಿರಲಿಲ್ಲ. ಭಾರತದ ಸೈನಿಕರು ಕುಟ್‌ನಲ್ಲಿ ಮುತ್ತಿಗೆಗೆ ಸಿಕ್ಕಿಕೊಂಡಿದ್ದ ಕಾಲದಲ್ಲಿ, 1916ರ ಮಾರ್ಚ್‌ನಲ್ಲಿ, ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕ್‌ನಲ್ಲಿ, ಸತ್ತರು. ಲಿಡೆಲ್‌ಗೆ ಪದಕ ತಂದ ಸಾಕ್ಷಿ ಅವರು. ಅವರ ಕೊನೆಯ ಹಾರಾಟಕ್ಕೆ ಅಂಥ ಗೆಜೆಟ್ ಬರಹ ಇಲ್ಲ.